ಗಡಿ ದಾಟುವ ನೂಲಿನ ಉಂಡೆ

ಹವ್ಯಾಸ ಎಂಬ ಮಾತಿಗೆ ನಮ್ಮ ಮಡಕಶಿರಾ ಸೀಮೆಯಲ್ಲಿ ಅಷ್ಟಾಗಿ ಮರ್ಯಾದೆ ಇಲ್ಲ. ತೆಲುಗು ಮನೆಗಳಲ್ಲಿ ಅದಕ್ಕೆ 'ಸರದಾ' ಅನ್ನುತ್ತಾರೆ, ಕನ್ನಡದ ಮನೆಗಳಲ್ಲಿ 'ಹೊತ್ತು ಹೋಗದವರ ಕೆಲ್ಸ' ಅನ್ನುತ್ತಾರೆ. ಗಂಡಸರು ಅರಳಿಕಟ್ಟೆ ಮೇಲೆ ಮಧ್ಯಾಹ್ನವೆಲ್ಲ ಇಸ್ಪೀಟು ಹಾಕಿದರೆ ಯಾರೂ ಹೆಸರಿಡುವುದಿಲ್ಲ. ಹೆಂಗಸೊಬ್ಬಳು ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಹಿಡಿದು ಜಗಲಿ ಮೇಲೆ ಕುಂತರೆ ಮಾತ್ರ ಹಾದುಹೋಗುವವರಿಗೆಲ್ಲ ಕಣ್ಣುರಿ. 'ಏನಮ್ಮಾ, ಮನೇಲಿ ಕೆಲ್ಸ ಇಲ್ವಾ?' ಅಂತ ಒಬ್ಬರು. 'ಏಂ ಅಲ್ಲುತುನ್ನಾವಮ್ಮಾ, ಎವರಿಕಿ?' ಅಂತ ಇನ್ನೊಬ್ಬರು. ಅಂಗಡಿ ಇಟ್ಟಿರುವವರು ಕೇಳುವುದು ಬೇರೆ: 'ನೂಲು ಎಷ್ಟಕ್ಕೆ ತಂದ್ರಿ?' ಎಷ್ಟಕ್ಕೂ ತಂದಿಲ್ಲ, ಯಾರೋ ಕೊಟ್ಟರು, ಯಾರು ಅಂತ ನನಗೂ ಇನ್ನೂ ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ಅದು ನಿಜವೇ. ಹೇಗೆ ನಿಜ ಎಂಬುದನ್ನು ಸ್ವಲ್ಪ ಸುತ್ತು ಹಾಕಿಯೇ ಹೇಳಬೇಕು.

ನನ್ನ ತವರು ಶಿರಾ ತಾಲ್ಲೂಕು, ಸೇರಿದ್ದು ಅಗಳಿ ಮಂಡಲ. ನಡುವಿನ ದೂರ 14 ಕಿಲೋಮೀಟರು, ನಡುವೆ ಒಂದು ರಾಜ್ಯದ ಗಡಿ. 1985ರಲ್ಲಿ ಆ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿ, ಮೂರು ವರ್ಷಕ್ಕೆ ಈ ಕಡೆ ಸೊಸೆಯಾಗಿ ಬಂದೆ. ಅತ್ತೆ ಮನೆಯ ಮಾತೂ ಕನ್ನಡವೇ. ತೆಲುಗು ಕಲಿಸಿದವರು ಕಡ್ಲೆಕಾಯಿ ಬಿಡಿಸಲು ಬರುತ್ತಿದ್ದ ಕೂಲಿಯವರು, ರೇಷನ್ ಅಂಗಡಿಯವರು, ಆಮೇಲೆ ನನ್ನ ಮಕ್ಕಳ ಪಾಠದ ಪುಸ್ತಕ. ಈಗ ಎರಡರಲ್ಲೂ ಪದ್ಯ ಬರೆಯುತ್ತೇನೆ. ಬಂದಾಗ ಅನಂತಪುರ ಜಿಲ್ಲೆಯಾಗಿದ್ದದ್ದು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಹೊಲ ಮಾತ್ರ ಅದೇ ಮೂರೂವರೆ ಎಕರೆ, ಎರಡು ಎಕರೆ ಕಡ್ಲೆಕಾಯಿ, ಮಿಕ್ಕದ್ದು ಹಿಪ್ಪುನೇರಳೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಉಣ್ಣೆ ಹೆಣೆಯುವುದು ತಮಾಷೆಯಾಗಿ ಕಾಣಬಹುದು. ನಮ್ಮ ಗೂಡು ಹಿಂದೂಪುರದ ಮಾರ್ಕೆಟ್ಟಿಗೆ ಹೋಗುತ್ತದೆ, ಅಲ್ಲಿಂದಾಚೆ ಅದು ಯಾರ ಸೀರೆಯಾಯಿತೋ ನಾವು ಕಂಡವರಲ್ಲ. ಉಣ್ಣೆಯಾದರೆ ನಮ್ಮ ಯಜಮಾನರ ತಲೆ ಮೇಲೇ ಟೊಪ್ಪಿಗೆಯಾಗಿ ಕೂರುತ್ತದೆ.

ಹೆಣಿಗೆ ಕಲಿತದ್ದು ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ. ಕಡ್ಡಿ ಕೊಳ್ಳಲು ದುಡ್ಡಿಲ್ಲದವರು ಹಳೇ ಕೊಡೆಯ ಕಡ್ಡಿ, ಸೈಕಲ್ಲಿನ ಕಡ್ಡಿ ತಂದು, ತುದಿಯನ್ನು ಕಲ್ಲಿಗೆ ಉಜ್ಜಿ ನಯ ಮಾಡಿಕೊಳ್ಳುತ್ತಿದ್ದೆವು. ಸೈಕಲ್ ಕಡ್ಡಿ ಸಣ್ಣದು, ಅದರಲ್ಲಿ ಹೆಣೆದರೆ ಬಟ್ಟೆ ಹಲಗೆಯ ಹಾಗೆ ಬಿಗಿ ಬರುತ್ತಿತ್ತು. ಇಡೀ ವಿದ್ಯೆಯಲ್ಲಿ ಇರುವುದು ಎರಡೇ ಕುಣಿಕೆ, ಸೀದಾ ಮತ್ತು ಉಲ್ಟಾ. ಒಂದು ಸೀದಾ ಒಂದು ಉಲ್ಟಾ ಹಾಕುತ್ತಾ ಹೋದರೆ ರಬ್ಬರಿನಂತೆ ಹಿಗ್ಗುವ ಅಂಚು, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹಾಕಿದರೆ ನುಣುಪಾದ ಮೈ. ಮಗ್ಗದಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಎಳೆ, ಅದೇ ತನ್ನೊಳಗೆ ತಾನು ತೂರಿಕೊಂಡು ಬಟ್ಟೆಯಾಗುತ್ತದೆ. ಅದಕ್ಕೇ ಬೇಡವಾದಾಗ ತುದಿ ಹಿಡಿದು ಎಳೆದರೆ ಸ್ವೆಟರು ಮತ್ತೆ ಉಂಡೆಯಾಗುತ್ತದೆ. ಬಡವರ ಮನೆಗೆ ಇದಕ್ಕಿಂತ ಅನುಕೂಲದ ಬಟ್ಟೆ ಯಾವುದು? ನನ್ನ ದೊಡ್ಡ ಮಗನ ಸ್ವೆಟರ್ ಬಿಚ್ಚಿ ಚಿಕ್ಕವನಿಗೆ ಹೆಣೆದೆ, ಅದನ್ನೂ ಬಿಚ್ಚಿ ಮೊಮ್ಮಗಳಿಗೆ ಕುಲಾವಿ ಮಾಡಿದ್ದೇನೆ.

ಹುಳು ಕೊನೆಯ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ನಮಗೆ ಸರಿಯಾದ ನಿದ್ದೆ ಇರುವುದಿಲ್ಲ. ರಾತ್ರಿಯ ಸೊಪ್ಪು ಹಾಕಿ, ಕೈ ತೊಳೆದು, ಹೊರಗೆ ಬಂದು ಕುಂತಾಗ ಮಲಗಿದರೆ ಬೆಳಗಾಗುತ್ತದೆ, ಮಲಗದಿದ್ದರೆ ಕಣ್ಣು ಎಳೆಯುತ್ತದೆ. ಆ ಹೊತ್ತಿನಲ್ಲಿ ಮೂರು ಬೆರಳಗಲ ಹೆಣೆದರೆ ಅದೇ ನನ್ನ ಪಾಲಿನ ಲಾಭ.

ಅಂಗಡಿಯ ಉಲ್ಲನ್, ಹಟ್ಟಿಯ ತುಪ್ಪಟ

ಅಂಗಡಿಯಲ್ಲಿ ಬಣ್ಣಬಣ್ಣದ ದಾರ ಸಿಗುತ್ತದೆ. ನಾವೂ ಅಂಗಡಿಯವರೂ ಅದಕ್ಕೆಲ್ಲ ಒಟ್ಟಾಗಿ 'ಉಲ್ಲನ್' ಅನ್ನುತ್ತೇವೆ. ಆದರೆ ಅದರಲ್ಲಿ ಬಹುಪಾಲು ಅಕ್ರಿಲಿಕ್, ಕುರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅನುಮಾನ ಇರುವವರು ಒಂದು ಗೇಣು ದಾರ ಕತ್ತರಿಸಿ ಬೆಂಕಿಕಡ್ಡಿ ತೋರಿಸಲಿ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ, ಉರಿದು, ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಅಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಗ್ಗ, ತೊಳೆಯುವುದು ಸುಲಭ, ನುಸಿ ಹಿಡಿಯುವುದಿಲ್ಲ, ಮಕ್ಕಳಿಗೆ ಚುಚ್ಚುವುದಿಲ್ಲ. ಆದರೆ ಒಲೆ ಮುಂದೆ ಕೂರುವವರಿಗೆ ಅದು ಒಳ್ಳೆಯದಲ್ಲ. ಇನ್ನೊಂದು ವಿಷಯ, ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಸೋನೆ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಹಿಂದೆ ಇಡೀ ದಿನ ನಿಂತವರನ್ನು ಕೇಳಿ ನೋಡಿ.

ನಮ್ಮ ಕಡೆ ಕುರಿಯ ಉಣ್ಣೆಗೆ ತುಪ್ಪಟ ಅನ್ನುತ್ತೇವೆ. ನಮ್ಮ ಕರೀಕುರಿಯ ತುಪ್ಪಟ ಒರಟು. ಸ್ವೆಟರಿಗೆ ಹೆಸರಾದ ಮೆರಿನೊ ಕುರಿಯ ಎಳೆಯ ಪಕ್ಕದಲ್ಲಿ ಇಟ್ಟರೆ ನಮ್ಮದು ಹಗ್ಗ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕೇಜಿ ಸಿಗುವುದು ಅಪರೂಪ. ಆದರೂ ಒಂದು ಕಾಲಕ್ಕೆ ಅದನ್ನು ನಂಬಿ ಚಳ್ಳಕೆರೆಯಿಂದ ನಮ್ಮ ತನಕ ಎಷ್ಟು ಗುಣಿ ಮಗ್ಗಗಳಿದ್ದವು! ಹೆಂಗಸರು ನೂತರು, ಗಂಡಸರು ನೇಯ್ದರು. ಹಾಸಿಗೆ ಹುಣಿಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹಿಡಿಯುತ್ತಿದ್ದರು. ಹಿಂದೂಪುರ ಹುಣಿಸೆಯ ದೊಡ್ಡ ಪೇಟೆಯಾದ್ದರಿಂದ ಬೀಜಕ್ಕೆ ಬರ ಇರಲಿಲ್ಲ. ಈಗ ಕಾರ್ಖಾನೆಯ ಹೊದಿಕೆ ಅಗ್ಗಕ್ಕೆ ಸಿಗುತ್ತದೆ, ಕಂಬಳಿ ಕೇಳುವವರು ಮದುವೆಗೋ ದೇವರಿಗೋ ಒಂದು ಕೇಳುತ್ತಾರೆ. ಕುರಿ ಸಾಕುವವರೂ ಬದಲಾಗಿದ್ದಾರೆ. ಸಂತೆಯಲ್ಲಿ ಈಗ ಹೆಚ್ಚಾಗಿ ಕಾಣುವುದು ನೆಲ್ಲೂರು ತಳಿಯ ಬೆರಕೆ, ಎತ್ತರದ ಮಾಂಸದ ಕುರಿ, ಮೈಮೇಲೆ ತುಪ್ಪಟವೇ ಇಲ್ಲ. ತುಪ್ಪಟದ ಕುರಿ ಇಟ್ಟುಕೊಂಡವರಿಗೆ ಕತ್ತರಿಸುವ ಕೂಲಿಯೇ ತುಪ್ಪಟದ ಬೆಲೆಗಿಂತ ಹೆಚ್ಚು. ಆದ್ದರಿಂದ ಕತ್ತರಿಸಿದ್ದನ್ನು ಚೀಲಕ್ಕೆ ತುಂಬಿ ಬೇಲಿ ಮಗ್ಗುಲಿಗೆ ಎಸೆಯುತ್ತಾರೆ. ಮಳೆ ಬಂದರೆ ನಾಯಿ ಮಲಗಲೂ ಆಗದ ವಾಸನೆ.

ನಮ್ಮೂರ ಕುರುಬರ ಬೀದಿಯಲ್ಲಿ ರಾಟೆ ನಿಲ್ಲಿಸದೆ ಉಳಿದವರು ಒಬ್ಬರೇ ಅಜ್ಜಿ. ಎಂಬತ್ತು ದಾಟಿದವರು. ಮಗ್ಗ ಹೋಗಿ ಮೂವತ್ತು ವರ್ಷವಾದರೂ ಅವರು ನೂಲುತ್ತಲೇ ಇದ್ದರು, ಯಾರಿಗೆ ಅಂತ ಇಲ್ಲ. 'ಕೈ ಸುಮ್ಕಿದ್ರೆ ಕೈಯೇ ನೋಯ್ತದೆ ಮಗ' ಅನ್ನುತ್ತಿದ್ದರು. ತುಪ್ಪಟವನ್ನು ಬೆರಳಲ್ಲಿ ಬಿಡಿಸಿ, ಕಸ ಮುಳ್ಳು ಆರಿಸಿ, ಬಿಲ್ಲಿನಿಂದ ಹಿಂಜಿ, ಹಂಜಿ ಮಾಡಿ, ರಾಟೆಗೆ ಹಿಡಿಯುವುದನ್ನು ಅವರ ಪಕ್ಕ ಕುಂತು ನೋಡಬೇಕು. ಎಡಗೈ ಹಿಂದಕ್ಕೆ ಹೋಗುತ್ತಾ ಇರುತ್ತದೆ, ಎಳೆ ಹುಟ್ಟುತ್ತಾ ಬರುತ್ತದೆ, ನಡುವೆ ಅವರು ಯಾರ ಮನೆ ಜಗಳವನ್ನೋ ಹೇಳುತ್ತಿರುತ್ತಾರೆ. ಕಂಬಳಿಗೆ ಒಂದೆಳೆ ಸಾಕು. ಹೆಣಿಗೆಗೆ ಒಂದೆಳೆ ಹಿಡಿದರೆ ಬಟ್ಟೆ ಒಂದು ಕಡೆಗೆ ಓರೆಯಾಗಿ ಎಳೆಯುತ್ತದೆ. ಆದ್ದರಿಂದ ಎರಡೆಳೆಯನ್ನು ಎದುರು ತಿರುವು ಕೊಟ್ಟು ಹುರಿ ಮಾಡಿಕೊಡಿ ಅಂತ ಕೇಳಿದೆ. 'ಅದೇನು ಹೊಸಾದು' ಅಂತ ಬೈದು, ಒಂದು ವಾರದಲ್ಲಿ ನಾಲ್ಕು ಲಡಿ ಕೊಟ್ಟರು. ನಾನು ಕೊಟ್ಟದ್ದು ಎರಡು ಸೇರು ಅವರೆಕಾಳು.

ಮುಳ್ಳುಬೇಲಿ ದಾಟಿ ಬಂದ ಉಂಡೆ

2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ಮೊದಲ ದಿನವೇ ಅದು. ಶಿರಾ ಕಡೆಯಿಂದ ನಮ್ಮಕ್ಕ ಪ್ರತಿ ಯುಗಾದಿಗೆ ಬರುತ್ತಿದ್ದವಳು ಬರಲಿಲ್ಲ. ವಾರದೊಳಗೆ ಎರಡೂ ಕಡೆಯ ಊರಿನವರು ಹಳ್ಳಿ ದಾರಿಗೆ ಜಾಲಿಮುಳ್ಳು ಕಡಿದು ಹಾಕಿದರು. ಆ ಕಡೆಯವರಿಗೆ ಈ ಕಡೆಯವರು ರೋಗ, ಈ ಕಡೆಯವರಿಗೆ ಆ ಕಡೆಯವರು ರೋಗ. ಕುರಿಗಳಿಗೆ ಮಾತ್ರ ಪಾಸು ಕೇಳುವವರಿರಲಿಲ್ಲ. ಏಪ್ರಿಲ್ ನಡುವೆ ಒಂದು ಸಂಜೆ ಕುರಿ ಕಾಯುವ ಹುಡುಗನೊಬ್ಬ ನಮ್ಮ ಹಿತ್ತಲ ಬೇಲಿ ಹತ್ತಿರ ನಿಂತು, 'ನಿಮ್ಮಕ್ಕಾರು ಕೊಟ್ರು' ಅಂತ ಒಂದು ಪ್ಲಾಸ್ಟಿಕ್ ಚೀಲ ಬೇಲಿ ಮೇಲೆ ಇಟ್ಟು ದೂರ ಸರಿದ. ಒಳಗೆ ನೀಲಿ ಉಲ್ಲನ್ನಿನ ಒಂದು ಉಂಡೆ, ಒಂದು ಕಾಗದದ ಪೊಟ್ಟಣದಲ್ಲಿ ಸೊಗಡಿನ ಅವರೆಯ ಬೀಜ. ಚೀಟಿ ಇಲ್ಲ, ಮಾತಿಲ್ಲ. ನಾಲ್ಕು ದಿನ ಬಿಟ್ಟು ಅದೇ ಹುಡುಗನ ಕೈಲಿ ಅಜ್ಜಿಯ ಕರೀ ನೂಲು, ತುಪ್ಪದ ಹೀರೆ ಬೀಜ ಕಳಿಸಿದೆ.

ಹೀಗೆ ಆರಂಭವಾದದ್ದು ಈಗ ಹನ್ನೊಂದು ಮಂದಿಯ ವಾಡಿಕೆಯಾಗಿದೆ. ಅಮರಾಪುರ, ರೊಳ್ಳ, ಮಡಕಶಿರಾ, ಹಿಂದೂಪುರ ಈ ಕಡೆ; ಶಿರಾ, ಪಾವಗಡ ಆ ಕಡೆ. ಇದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ, ಗೌರಿ ಹಬ್ಬಕ್ಕೊಮ್ಮೆ, ಹನ್ನೊಂದು ಹೆಸರು ಚೀಟಿ ಬರೆದು ಮಗುವಿನ ಕೈಲಿ ಎತ್ತಿಸುತ್ತೇವೆ. ನಿಮಗೆ ಬಂದ ಹೆಸರಿನವರಿಗೆ ನೀವು ಒಂದು ಉಂಡೆ ನೂಲು, ಒಂದು ಪೊಟ್ಟಣ ಬೀಜ ಕಳಿಸಬೇಕು. ಬಾಗಿನದ ಮೊರ ಇದ್ದಂತೆ ಅಂದುಕೊಳ್ಳಿ, ಆದರೆ ಕೊಟ್ಟವರ ಹೆಸರು ಮುಂದಿನ ಹಬ್ಬದ ತನಕ ಹೇಳುವಂತಿಲ್ಲ. ಬಸ್ಸಿನ ಕಂಡಕ್ಟರು, ಹಾಲಿನ ವ್ಯಾನು, ಗೂಡು ಮಾರಲು ಹೋಗುವವರು, ಯಾರ ಕೈಲಾದರೂ ಸರಿ. ದುಡ್ಡು ಇಟ್ಟು ಕಳಿಸಬಾರದು. ಬೆಲೆ ಚೀಟಿ ಕಿತ್ತು ಹಾಕಬೇಕು. ಬಂದದ್ದಕ್ಕೆ ಸಮನಾಗಿ ವಾಪಸು ಕೊಡಬೇಕೆಂಬ ಲೆಕ್ಕ ಇಲ್ಲ, ಯಾಕೆಂದರೆ ನಿಮಗೆ ಬಂದದ್ದು ಒಬ್ಬರಿಂದ, ನೀವು ಕೊಡುವುದು ಇನ್ನೊಬ್ಬರಿಗೆ. ಕೊಟ್ಟ ನೂಲಿನಿಂದ ಏನು ಮಾಡಿದೆ ಅಂತ ಕೇಳಬಾರದು. ಈ ಕೊನೆಯದನ್ನು ಪಾಲಿಸುವವರು ಯಾರೂ ಇಲ್ಲ.

ಕೊಡುವುದರಲ್ಲೂ ಒಬ್ಬೊಬ್ಬರದು ಒಂದೊಂದು ಗುಣ. ಪಾವಗಡದ ಒದಿನಮ್ಮ ಒಬ್ಬರು ಹಳೇ ಸ್ವೆಟರ್ ಬಿಚ್ಚಿದ ನೂಲನ್ನೇ ಕಳಿಸುತ್ತಾರೆ, ಸೊಟ್ಟಸೊಟ್ಟಗೆ ಸುಕ್ಕು ಬಿದ್ದದ್ದು. ಕೆಲವರಿಗೆ ಅದು ಅವಮಾನ ಅನ್ನಿಸಿತ್ತು. ಅದನ್ನು ಲಡಿ ಮಾಡಿ, ನೀರಲ್ಲಿ ನೆನೆಸಿ, ತೂಕ ಕಟ್ಟಿ ನೇತು ಹಾಕಿದರೆ ಹೊಸದರಂತೆ ನೇರವಾಗುತ್ತದೆ ಅಂತ ಗೊತ್ತಾದ ಮೇಲೆ ಸುಮ್ಮನಾದರು. ಹಿಂದೂಪುರದ ಆಪಾ ಕ್ರೋಷಾದಲ್ಲಿ ನಮ್ಮೆಲ್ಲರಿಗೂ ಗುರು. ಅವರಿಗೆ ಒಂದು ಸಲ ಅಜ್ಜಿಯ ಕರೀ ನೂಲು ಹೋಯಿತು. ಅದನ್ನು ಅವರು ಬಿಸಿ ಪಾತ್ರೆ ಇಳಿಸುವ ಹಿಡಿಕೆ ಮಾಡಿದರು. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಅದಕ್ಕಿಂತ ಸರಿಯಾದ ಉಪಯೋಗ ಇಲ್ಲ. ಮೈಗೆ ತಾಗುವ ಬಟ್ಟೆಗೆ ಆ ನೂಲು ಆಗದು, ಟೊಪ್ಪಿಗೆ ಮಾಡಿದರೂ ಒಳಗೆ ಹತ್ತಿ ಬಟ್ಟೆ ಕೊಡಬೇಕು. ಕೈಚೀಲ, ಕೂರುವ ಚಾಪೆ, ಅಂಗಿ ಮೇಲಿನ ತೋಳಿಲ್ಲದ ಕೋಟಿಗೆ ಅದು ರಾಜ.

ನೂಲಿಗೆ ಎರಡು ಭಾಷೆಯಲ್ಲೂ ನೂಲು ಅಂತಲೇ ಹೆಸರು, ಕಂಬಳಿಯೂ ಕಂಬಳಿಯೇ. ನಾವು ಬಿತ್ತು ಅಂದರೆ ಅವರು ವಿತ್ತು ಅನ್ನುತ್ತಾರೆ. ಪದ್ಯ ಬರೆಯುವವಳಿಗೆ ಇಂಥದ್ದು ಸಿಕ್ಕಿದರೆ ಬಂಗಾರ ಸಿಕ್ಕಂತೆ, ಆದರೆ ಉಳಿದ ಹತ್ತು ಮಂದಿಗೆ ಬೀಜ ಮೊಳೆಯುತ್ತೋ ಇಲ್ಲವೋ ಎಂಬುದೇ ಮುಖ್ಯ.

ಹಿತ್ತಲಿನ ಲೆಕ್ಕ

ನಮ್ಮ ಹಿತ್ತಲು ಎರಡು ಗುಂಟೆಗೂ ಕಡಿಮೆ. ಪಾತ್ರೆ ತೊಳೆದ ನೀರೇ ಅದರ ಕಾಲುವೆ. ಬೇಲಿಗೆ ಹೀರೆ, ತುಪ್ಪದ ಹೀರೆ, ಅವರೆ. ಕೆಳಗೆ ಬದನೆ, ಗೋಂಗೂರ, ಹರಿವೆ, ದೊಡ್ಡಪತ್ರೆ. ಬಾವಿ ಪಕ್ಕ ಕನಕಾಂಬರ, ಚೆಂಡುಹೂ. ಕೊಟ್ಟ ಬೀಜ ಕೊಟ್ಟ ತಳಿಯಾಗಿಯೇ ಹುಟ್ಟಬೇಕಾದರೆ ಕೆಲವು ವಿಷಯ ತಿಳಿದಿರಬೇಕು. ಅಂಗಡಿಯ ಹೈಬ್ರಿಡ್ ಕಾಯಿಂದ ಬೀಜ ತೆಗೆದು ಕಳಿಸಿದರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ, ನಮ್ಮಲ್ಲಿ ಅದು ನಿಷಿದ್ಧ. ಅವರೆ ಬಹುಮಟ್ಟಿಗೆ ತನ್ನ ಹೂವಿಗೆ ತಾನೇ ಪರಾಗ ಕಟ್ಟಿಕೊಳ್ಳುತ್ತದೆ, ಆದ್ದರಿಂದ ತಳಿ ನಿಲ್ಲುತ್ತದೆ. ಕುಂಬಳ, ಸೋರೆ, ಹೀರೆಗಳು ಹಾಗಲ್ಲ. ಎರಡು ಬಗೆಯ ಸೋರೆ ಒಂದೇ ಬೇಲಿಗೆ ಹಬ್ಬಿಸಿದರೆ ಹುಳ ಹಾರಿ ಬೆರಕೆಯಾಗುವುದು ಖಂಡಿತ. ಹೀರೆಗೂ ತುಪ್ಪದ ಹೀರೆಗೂ ಮಾತ್ರ ದೇವರೇ ಒಂದು ಏರ್ಪಾಡು ಮಾಡಿದ್ದಾನೆ: ಹೀರೆ ಹೂ ಸಂಜೆ ಅರಳುತ್ತದೆ, ತುಪ್ಪದ ಹೀರೆ ಹೂ ಬೆಳಗ್ಗೆ ಅರಳುತ್ತದೆ. ಒಂದೇ ಬೇಲಿಯ ಮೇಲಿದ್ದರೂ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆ.

ತುಪ್ಪದ ಹೀರೆಗೆ ತೆಲುಗಿನಲ್ಲಿ ನೇತಿ ಬೀರಕಾಯ. ನೇತಿ ಬೀರದಲ್ಲಿ ತುಪ್ಪ ಎಷ್ಟಿದೆಯೋ ಅಷ್ಟು ಅಂತ ಸುಳ್ಳು ದೊಡ್ಡಸ್ತಿಕೆಯವರಿಗೆ ತೆಲುಗಿನವರು ಹೇಳುವ ಮಾತು ನಿಮಗೂ ಗೊತ್ತು. ಬಲಿತು ಒಣಗಿದ ಕಾಯಿಯ ನಾರನ್ನು ನಾವು ಮೈ ಉಜ್ಜಲು ಇಟ್ಟುಕೊಳ್ಳುತ್ತೇವೆ, ಬೀಜ ಉದುರಿಸಿ ಬೂದಿಯಲ್ಲಿ ಹೊರಳಿಸಿ, ಬೇವಿನೆಲೆ ಹಾಕಿ ಡಬ್ಬಿಗೆ ತುಂಬುತ್ತೇವೆ.

ಹಿತ್ತಲು ನೂಲಿಗೂ ದುಡಿಯುತ್ತದೆ. ಕರೀ ತುಪ್ಪಟಕ್ಕೆ ಬಣ್ಣ ಹತ್ತದು, ಬಿಳಿಗೆ ಹತ್ತುತ್ತದೆ. 100 ಗ್ರಾಂ ನೂಲಿಗೆ 12 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ನೂಲನ್ನು ಸಣ್ಣ ಉರಿಯ ಮೇಲೆ ಒಂದು ಗಂಟೆ ಇಟ್ಟು, ಆಮೇಲೆ ಬಣ್ಣದ ನೀರಿಗೆ ಹಾಕಬೇಕು. ಚೆಂಡುಹೂವಿನಿಂದ ಗಟ್ಟಿ ಹಳದಿ. ಈರುಳ್ಳಿಯ ಒಣ ಸಿಪ್ಪೆ ನೂಲಿನಷ್ಟೇ ತೂಕ ಹಾಕಿದರೆ ಕಿತ್ತಳೆ ಮಿಶ್ರಿತ ಹಳದಿ, ಸಂತೆಯ ದಿನ ಈರುಳ್ಳಿ ಅಂಗಡಿಯವರು ಸಿಪ್ಪೆಯನ್ನು ಚೀಲಗಟ್ಟಲೆ ಸುಮ್ಮನೆ ಕೊಡುತ್ತಾರೆ. ದಾಳಿಂಬೆ ಸಿಪ್ಪೆಯ ನೀರಿಗೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಸೇರಿಸಿದರೆ ಮೋಡದ ಬಣ್ಣ. ಒಂದೇ ಎಚ್ಚರಿಕೆ, ಬಿಸಿ ನೂಲನ್ನು ತಣ್ಣೀರಿಗೆ ಅದ್ದಬೇಡಿ, ಕೈಯಲ್ಲಿ ತಿಕ್ಕಬೇಡಿ. ಹಾಗೆ ಮಾಡಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಲಡಿ ಹೋಗಿ ಜಡೆಯಾಗುತ್ತದೆ. ಅದೇ ನೀರಲ್ಲೇ ಆರಲು ಬಿಡಬೇಕು.

ನೂಲಲು ಬಾರದ ತುಪ್ಪಟ, ಅಂದರೆ ಬಾಲದ ಕಡೆಯದು, ಹಿಕ್ಕೆ ಮೆತ್ತಿದ್ದು, ಮುಳ್ಳು ತುಂಬಿದ್ದು, ಅದಕ್ಕೂ ಕೆಲಸ ಇದೆ. ಬದನೆ ಗುಣಿಯ ತಳಕ್ಕೆ ಎರಡು ಹಿಡಿ ಹಾಕಿ ಮೇಲೆ ಮಣ್ಣು ಎಳೆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಕೊಳೆತು ಸಾರಜನಕ ಬಿಡುತ್ತದೆ. ಬುಡದ ಸುತ್ತ ಮುಚ್ಚಿಗೆಯಾಗಿಯೂ ಹಾಸಬಹುದು. ಎರಡು ಬೇಸಿಗೆ ನೋಡಿದ್ದೇನೆ, ತುಪ್ಪಟ ಹಾಕಿದ ಗಿಡಕ್ಕೆ ಎರಡು ದಿನಕ್ಕೊಮ್ಮೆ ನೀರು ಸಾಕು, ಹಾಕದ ಗಿಡ ದಿನವೂ ಕೇಳುತ್ತದೆ. ಅಡಿಕೆ ತೋಟದವರು ತೆಂಗಿನ ನಾರಿಗೆ ದುಡ್ಡು ಕೊಟ್ಟು ತರುತ್ತಾರೆ, ಹಟ್ಟಿಯ ಬೇಲಿ ಪಕ್ಕ ಬಿದ್ದಿರುವುದನ್ನು ಯಾಕೆ ಎತ್ತುವುದಿಲ್ಲವೋ ಕಾಣೆ.

ಬೇಡಿಕೆ ಬಂತು

2023ರ ಮುಂಗಾರು ಕೈಕೊಟ್ಟಿತು. ಕಡ್ಲೆಕಾಯಿ ಗಿಡ ಕಿತ್ತರೆ ಬೇರಲ್ಲಿ ಎರಡೇ ಕಾಯಿ. ಆ ಚಳಿಗಾಲದಲ್ಲಿ, ನಮ್ಮ ಗುಂಪಿನ ಒಬ್ಬಾಕೆಯ ಮಗ ಬೆಂಗಳೂರಿನಲ್ಲಿ ಹಾಕಿಕೊಂಡಿದ್ದ ಕರೀ ಟೊಪ್ಪಿಗೆ ನೋಡಿ ಅಲ್ಲಿನ ಅಂಗಡಿಯವರೊಬ್ಬರು 60 ಟೊಪ್ಪಿಗೆ ಕೇಳಿದರು. ಕೈಯಲ್ಲೇ ನೂತದ್ದಿರಬೇಕು, ಬಣ್ಣ ಹಾಕಿರಬಾರದು, ಒಂದಕ್ಕೆ 220 ರೂಪಾಯಿ.

ಅಲ್ಲಿಗೆ ನಮ್ಮಲ್ಲಿ ಎರಡು ಪಂಗಡವಾಯಿತು. ನಮ್ಮಕ್ಕನದು ಒಂದೇ ಮಾತು, 'ಬಾಗಿನಕ್ಕೆ ಬೆಲೆ ಕಟ್ಟಿದ್ರೆ ಮುಂದಿನ್ ಹಬ್ಬಕ್ಕೆ ಯಾರೂ ನೂಲು ಕೊಡಲ್ಲ, ಎಲ್ಲಾ ಮಾರ್ಕೊಂತಾರೆ.' ರೊಳ್ಳದ ಕಡೆಯ ಹುಡುಗಿ, ಗಂಡ ಇಲ್ಲದವಳು, ಸಾಲ ಮಾಡಿ ಬಿತ್ತಿದವಳು, ತೆಲುಗಿನಲ್ಲೇ ಅಂದಳು: 'ಅಕ್ಕಾ, ನೀಕು ಸರದಾ, ನಾಕು ಬಿಯ್ಯಂ.' ನಿನಗೆ ಹವ್ಯಾಸ, ನನಗೆ ಅಕ್ಕಿ. ಇಂಥ ಮಾತಿಗೆ ಎದುರು ಮಾತು ಹುಡುಕುವುದು ಸರಿಯಲ್ಲ. ನಾನು ಲೆಕ್ಕ ಹಾಕಿದೆ. ಒಂದು ಟೊಪ್ಪಿಗೆಗೆ 90 ಗ್ರಾಂ ನೂಲು. ತುಪ್ಪಟ ಬಿಡಿಸಿ, ಹಿಂಜಿ, ನೂತು, ಹುರಿ ಮಾಡಲು ಒಂದು ಪೂರಾ ದಿನ. ಹೆಣೆದು ಒಳಬಟ್ಟೆ ಹೊಲಿಯಲು ಇನ್ನೊಂದು ದಿನ. ಹೆಣ್ಣಾಳಿನ ಕೂಲಿ ಆಗ 300. ಎರಡು ದಿನದ 600 ರೂಪಾಯಿ ಕೆಲಸಕ್ಕೆ 220 ಕೊಡುವುದು ವ್ಯಾಪಾರವಲ್ಲ, ಧರ್ಮವೂ ಅಲ್ಲ. ಪೇಟೆಯಲ್ಲಿ ಕೂರುವವರು ಕೈಕೆಲಸದ ಬಗ್ಗೆ ಬಹಳ ಗೌರವದಿಂದ ಮಾತಾಡಿ ಕಡಿಮೆ ದುಡ್ಡು ಕೊಡುತ್ತಾರೆ ಎಂಬುದು ನನ್ನ ಅನುಭವ. ಮೂರು ಸಲ ಫೋನಿನಲ್ಲಿ ಜಗ್ಗಾಡಿ 450ಕ್ಕೆ ಒಪ್ಪಿಸಿದೆವು. 60 ಅಲ್ಲ, 25 ಮಾತ್ರ, ಅಷ್ಟೇ ನೂಲು ಇದ್ದದ್ದು.

ನಾಲ್ಕು ಮಂದಿ ಹೆಣೆದರು. ಅಜ್ಜಿಗೆ ಲಡಿಯ ಲೆಕ್ಕದಲ್ಲಿ ಕೂಲಿ ಕೊಟ್ಟೆವು, ಅವರು ಎರಡು ಸಲ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಹೆಣೆಯಲಿಲ್ಲ, ದುಡ್ಡು ಬೇಡವಾಗಿತ್ತು ಅಂತಲ್ಲ. ಆ ನಾಲ್ವರಿಗೆ ಹೆಚ್ಚು ಬೇಕಾಗಿತ್ತು. ಹಬ್ಬದ ಚೀಟಿ ಬೇರೆ, ಮಾರುವ ನೂಲು ಬೇರೆ, ಒಂದಕ್ಕೊಂದು ಬೆರೆಸಬಾರದು ಎಂದಾಯಿತು. ಅಕ್ಕ ಆ ಯುಗಾದಿಗೆ ಚೀಟಿ ಎತ್ತಲಿಲ್ಲ, ಗೌರಿ ಹಬ್ಬಕ್ಕೆ ಎತ್ತಿದಳು. ಅಂಗಡಿಯವರು ಮುಂದಿನ ವರ್ಷವೂ ಕೇಳಿದರು.

ಕೇಳುವವರು ಬಂದ ಹೊತ್ತಿಗೆ ನೂಲುವ ಕೈ ನಿಂತಿತು. 2024ರ ಶ್ರಾವಣದಲ್ಲಿ ಅಜ್ಜಿಗೆ ಕೈ ನಡುಕ ಶುರುವಾಗಿ ಎಳೆ ಕಡಿದು ಕಡಿದು ಬೀಳತೊಡಗಿತು. ಅವರ ಮೊಮ್ಮಗಳು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಾಳೆ, ಬೆಳಗ್ಗೆ ಆರಕ್ಕೆ ವ್ಯಾನು, ಬರುವುದು ರಾತ್ರಿ. ಭಾನುವಾರ ನೂಲುವುದನ್ನು ಕಲಿತುಕೊ ಅಂತ ಹೇಳಲು ಹೋದವಳಿಗೆ ಅವಳು ನಕ್ಕು ಅಂದದ್ದು: 'ವಾರಕ್ಕೆ ಆರು ದಿನ ದಾರ ನೋಡ್ತೀನಿ ದೊಡ್ಡಮ್ಮ. ಏಳ್ನೇ ದಿನಾನೂ ದಾರಾನಾ?' ಅವಳು ಭಾನುವಾರ ಬೆಳಗ್ಗೆ ಹತ್ತರವರೆಗೆ ಮಲಗುತ್ತಾಳೆ, ಎದ್ದು ಬಾಗಿಲ ಮುಂದಿನ ಗುಲಾಬಿ ಕುಂಡಗಳಿಗೆ ನೀರು ಹಾಕುತ್ತಾಳೆ. ಅವಳ ಹವ್ಯಾಸ ಅದು. ಕುಂಡಕ್ಕೆ ಹಾಕಲು ಒಂದು ಮಂಕರಿ ಕೊಳೆ ತುಪ್ಪಟ ಕೊಟ್ಟು ಬಂದೆ.

ರಾಟೆ ಈಗ ನಮ್ಮ ಮನೆಯಲ್ಲಿದೆ. 'ಕೊಟ್ಟಿಲ್ಲ, ಇಟ್ಕೊಂಡಿರು' ಅಂತ ಹೇಳಿ ಕಳಿಸಿದರು. ರೊಳ್ಳದ ಹುಡುಗಿಯೂ ನಾನೂ ಕಲಿಯುತ್ತಿದ್ದೇವೆ, ಅವಳ ಕೈ ನನ್ನದಕ್ಕಿಂತ ಚುರುಕು. ವಾರಕ್ಕೊಮ್ಮೆ ನೂತದ್ದನ್ನು ಅಜ್ಜಿಗೆ ತೋರಿಸಬೇಕು. ಕಣ್ಣು ಮಂಜಾಗಿದೆ, ಎಳೆಯನ್ನು ಬೆರಳ ನಡುವೆ ಎಳೆಯುತ್ತಾ ಹೋಗುತ್ತಾರೆ. 'ಇಲ್ಲಿ ಮಾತಾಡಿದ್ದೀಯ', 'ಇಲ್ಲಿ ಎದ್ದು ಹೋಗಿದ್ದೀಯ', 'ಇಲ್ಲಿ ತುಪ್ಪಟ ಸರಿಯಾಗಿ ಹಿಂಜಿಲ್ಲ' ಅಂತ ಒಂದೊಂದು ಗಂಟಿಗೂ ಹೇಳುತ್ತಾರೆ, ಎಲ್ಲವೂ ಸರಿಯಾಗಿರುತ್ತದೆ. ಅವರು ನೂತದ್ದು ನನ್ನ ಟ್ರಂಕಿನಲ್ಲಿ ಏಳು ಲಡಿ ಉಳಿದಿದೆ. ಅದನ್ನು ಮಾರುವುದಕ್ಕೆ ಇಟ್ಟಿಲ್ಲ. ಪ್ರತಿ ಹಬ್ಬಕ್ಕೆ ಒಂದು ಚೀಟಿಯಲ್ಲಿ ಹೋಗುತ್ತದೆ. ಯಾರಿಗೆ ಹೋದರೂ ಹೆಸರು ಹೇಳುವ ಮೊದಲೇ ಮುಟ್ಟಿ ಗೊತ್ತಾಗಿಬಿಡುತ್ತದೆ ಅನ್ನುವುದು ಬೇರೆ ಮಾತು.

ಈ ಪುಟ ಓದುವವರಲ್ಲಿ ಕುರಿ ಇಟ್ಟವರೂ, ತೋಟ ಇಟ್ಟವರೂ, ಅಂಗಡಿ ಇಟ್ಟವರೂ ಇದ್ದೀರಿ. ತುಪ್ಪದ ಹೀರೆ ಬೀಜ, ಸೊಗಡಿನ ಅವರೆ ಬೀಜ ಸಂಕ್ರಾಂತಿ ಕಳೆದರೆ ನಮ್ಮ ಹನ್ನೊಂದು ಮನೆಯಲ್ಲೂ ಇರುತ್ತದೆ, ಬೇಕಾದವರು ಕೇಳಿ ಇಸಿದುಕೊಳ್ಳಿ, ದುಡ್ಡು ತರಬೇಡಿ. ಕುರಿ ಕತ್ತರಿಸಿದಾಗ ತುಪ್ಪಟವನ್ನು ಬೇಲಿಗೆ ಎಸೆಯುವ ಬದಲು ಒಂದು ಚೀಲ ತಂದರೆ ಸಾಕು. ತೊಳೆಯಬೇಕಾಗಿಲ್ಲ, ಅದನ್ನು ನಾವು ತೊಳೆದುಕೊಳ್ಳುತ್ತೇವೆ. ಕರಿ ಬಿಳಿ ಮಾತ್ರ ಬೇರೆ ಬೇರೆ ಕಟ್ಟಿ ತನ್ನಿ.